ಎರಡನೇ ಗೇರಿನ ಕರಕರ ಎಣ್ಣೆಯಿಂದಲೇ ನಿಂತಿತು: ನನ್ನ ಅನುಭವ

‘ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ’ ಎಂದು ಮೂವರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ದ ಕಾರು ಈಗ ಬೆಳಗಿನ ಚಳಿಯಲ್ಲೂ ಎರಡು ಬೆರಳಿನ ಒತ್ತಡಕ್ಕೆ ಎರಡನೇ ಗೇರಿಗೆ ಬೀಳುತ್ತದೆ. ಒಳಗಿನ ಒಂದು ಬೋಲ್ಟನ್ನೂ ಬಿಚ್ಚಿಲ್ಲ. ಬದಲಿಸಿದ್ದು ಎಣ್ಣೆಯನ್ನು ಮಾತ್ರ. ಆದರೆ ಸರಿಯಾದ ಎಣ್ಣೆ ಸಿಗುವ ಹೊತ್ತಿಗೆ ಸುಮಾರು ಒಂದೂವರೆ ವರ್ಷ ಕಳೆದಿತ್ತು.

ಕಾರಿಗೆ 20 ವರ್ಷ ದಾಟಿದೆ. ಮುಂದಿನ ಚಕ್ರ ಎಳೆಯುವ, ಐದು ಗೇರಿನ ಮ್ಯಾನುಯಲ್. ಓಡಿದ್ದು ಎರಡು ಲಕ್ಷ ಕಿ.ಮೀ. ಆಸುಪಾಸು. ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿದರೆ ಕರಕರ. ಕ್ಲಚ್ ಪೂರ್ತಿ ಬಿಡದಿದ್ದರೆ ರಿವರ್ಸೂ ಕರಕರ ಎನ್ನಬೇಕಿತ್ತು. ಅದು ಸದ್ದಿಲ್ಲದೆ ಬೀಳುತ್ತಿತ್ತು, ಹಾಗಾಗಿ ಕ್ಲಚ್ಚಿನ ತಪ್ಪಲ್ಲ. ಅನುಮಾನ ಉಳಿದದ್ದು ಸಿಂಕ್ರೋ ರಿಂಗಿನ ಮೇಲೆ, ಅಂದರೆ ಗೇರು ಬೀಳುವ ಮುನ್ನ ವೇಗ ಸರಿಹೊಂದಿಸುವ ಬಳೆಯ ಮೇಲೆ.

ಹಳೆಯ ಗಾಡಿಗೆ ದಪ್ಪ ಎಣ್ಣೆ ಎಂಬ ಮಾತು ನಂಬಿ ಮೊದಲು 85ಡಬ್ಲ್ಯು-140 ಹಾಕಿದೆ (ಈ ಅಂಕಿ ದೊಡ್ಡದಾದಷ್ಟು ಎಣ್ಣೆ ದಪ್ಪ). ಬೇರಿಂಗಿನ ಗುಂಯ್‌ಗುಡುವಿಕೆ ತುಸು ತಗ್ಗಿದ್ದು ನಿಜ. ಆದರೆ ಬೆಳಿಗ್ಗೆ ಗೇರ್ ಹಾಕುವುದೆಂದರೆ ಕೆಸರಿನಲ್ಲಿ ಹೂತ ಗೂಟ ಅಲ್ಲಾಡಿಸಿದಂತೆ. ನಾನೂರು ಕಿ.ಮೀ. ಸಹಿಸಿ ಎಲ್ಲವನ್ನೂ ಇಳಿಸಿದೆ.

ಎರಡನೆಯದು ಹೆಚ್ಚು ನೋವು ಕೊಟ್ಟ ತಪ್ಪು. ಮಾಮೂಲಿ ಗೇರ್ ಆಯಿಲ್‌ಗಿಂತ ಮೂರು ಪಟ್ಟು ದುಬಾರಿಯಾದ 75ಡಬ್ಲ್ಯು-90 ಸಿಂಥೆಟಿಕ್, ಜಿಎಲ್-5 (ಜಿಎಲ್ ಎಂದರೆ ಗೇರ್ ಎಣ್ಣೆಯ ದರ್ಜೆ). ಜಿಎಲ್-4ಕ್ಕಿಂತ ಜಿಎಲ್-5 ಮೇಲು ಎಂದೇ ನಾನೂ ತಿಳಿದಿದ್ದೆ. ಲಿವರ್ ಹಗುರವಾಯಿತು, ಕರಕರ ಮಾತ್ರ ಬಿಸಿಯಾದ ಮೇಲೂ ನಿಲ್ಲಲಿಲ್ಲ. ಜಿಎಲ್-5 ಇರುವುದು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗಾಗಿ, ಅಂದರೆ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುವ ಗೇರುಗಳಿಗಾಗಿ. ಗಂಧಕ, ರಂಜಕದ ಸೇರಿಕೆ ಅದರಲ್ಲಿ ಜಿಎಲ್-4ರ ಸುಮಾರು ಎರಡರಷ್ಟು. ಎಂಜಿನ್ ಅಡ್ಡ ಕೂತಿರುವ ನನ್ನ ಕಾರಿನಲ್ಲಿ ಹೈಪಾಯ್ಡ್ ಜೋಡಿಯೇ ಇಲ್ಲ. ಸಿಂಕ್ರೋ ರಿಂಗ್ ಬದುಕುವುದೇ ಉಜ್ಜಾಟದಿಂದ. ಅದು ಗೇರಿನ ಶಂಕುವಿನಾಕಾರದ ಮೈಯನ್ನು ಕಚ್ಚಿ ಹಿಡಿಯಬೇಕು, ಜಾರಬಾರದು. ಡಬ್ಬಿಯ ಮೇಲೆ ‘ಜಿಎಲ್-4/ಜಿಎಲ್-5’ ಎಂದು ಎರಡನ್ನೂ ಬರೆದಿರುವ ಎಣ್ಣೆಯನ್ನು ಅಂದಿನಿಂದ ನಾನು ಮುಟ್ಟಿಲ್ಲ.

ಜಿಎಲ್-5 ಹಿತ್ತಾಳೆಯನ್ನು ತಿನ್ನುತ್ತದೆ ಎಂಬ ಮಾತೂ ಇದೆ. ಈ ನಡುವೆ ಅದನ್ನು ಪರೀಕ್ಷಿಸುವ ಹುಚ್ಚು ಹತ್ತಿತು. ಗುಜರಿಗೆ ಹೋಗಲಿದ್ದ ಹಿತ್ತಾಳೆಯ ಸಿಂಕ್ರೋ ರಿಂಗೊಂದನ್ನು ಗರಗಸದಿಂದ ಕತ್ತರಿಸಿ, ತುಂಡುಗಳನ್ನು ಮರಳು ಕಾಗದದಲ್ಲಿ ತಿಕ್ಕಿ ಹೊಳೆಯಿಸಿ, ಬೇರೆ ಬೇರೆ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ದಿನಕ್ಕೆ ಮೂರು ಗಂಟೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ. ಹತ್ತು ದಿನಕ್ಕೆ ಒಂದು ಜಿಎಲ್-5ರ ತುಂಡು ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು. ಜಿಎಲ್-4ರದ್ದು ಬರೀ ಮಸುಕಾಗಿತ್ತು. ಆದರೆ ಇನ್ನೊಂದು ಜಿಎಲ್-5 ತನ್ನ ತುಂಡಿಗೆ ಏನೂ ಮಾಡಲಿಲ್ಲ. ಹಾಗಾಗಿ ಹಿತ್ತಾಳೆ ತಿನ್ನುವುದಕ್ಕಿಂತ ಜಾರಿಸುವುದೇ ದೊಡ್ಡ ಕಾಟ ಎಂಬ ತೀರ್ಮಾನಕ್ಕೆ ಬಂದೆ.

ಮೂರನೆಯದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ. ಕೆಲವು ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ತಯಾರಕರೇ ಇದನ್ನು ಹೇಳಿದ್ದಾರೆ, ನನ್ನದು ಅಂಥದ್ದಲ್ಲ. ಗೇರು ಬೆಣ್ಣೆಯಂತೆ ಬಿತ್ತು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೆ ಮಾತ್ರ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು, ಒತ್ತಿದರೆ ಮೌನ. ಸವೆದ ಬೇರಿಂಗಿಗೆ ಅಷ್ಟು ತೆಳು ಎಣ್ಣೆ ಸಾಲದು.

ಗೆದ್ದದ್ದು ನಾಲ್ಕನೆಯದು: ಜಿಎಲ್-4 ಮಾತ್ರ ಎಂದು ಬರೆದಿದ್ದ 75ಡಬ್ಲ್ಯು-80, ಅದಕ್ಕೆ ಅದೇ ಬ್ರಾಂಡಿನ, ಅದೇ ದರ್ಜೆಯ 75ಡಬ್ಲ್ಯು-90 ಬೆರಕೆ. ಪ್ರಮಾಣ ನನ್ನಲ್ಲೇ ಇರಲಿ. ಬೇರಿಂಗ್ ಎಷ್ಟು ಸವೆದಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ತುಂಬಿಸುವ ಮೊದಲು ನಾನು ಮಾಡುವ ಇನ್ನೊಂದು ಕೆಲಸವೂ ಇದೆ, ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ. ಆದರೆ ಎರಡು ಬಾರಿ ಇಳಿಸುವುದನ್ನು ಬಿಡಬೇಡಿ. ಸುಮಾರು ಎರಡು ಲೀಟರ್ ಹಿಡಿಯುವ ಪೆಟ್ಟಿಗೆಯ ಮೂಲೆಗಳಲ್ಲಿ ಕಾಲು ಲೀಟರಿನಷ್ಟು ಹಳೆಯದು ಉಳಿದೇ ಉಳಿಯುತ್ತದೆ. ಹೊಸದನ್ನು ಹಾಕಿ, ಇನ್ನೂರು ಕಿ.ಮೀ. ಓಡಿಸಿ, ಬಿಸಿಯಿರುವಾಗಲೇ ಮತ್ತೆ ಇಳಿಸಿದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಪ ಹತ್ತಿತ್ತು, ಅದು ಸಹಜ. ಹಿತ್ತಾಳೆ ಅಯಸ್ಕಾಂತಕ್ಕೆ ಸಿಗುವುದಿಲ್ಲವಾದ್ದರಿಂದ ಇಳಿದ ಎಣ್ಣೆಯನ್ನು ಬಿಳಿ ತಟ್ಟೆಗೆ ತೆಳುವಾಗಿ ಸುರಿದು ಬಿಸಿಲಿಗೆ ಹಿಡಿದೆ. ಮೊದಲ ಸಲ ಚಿನ್ನದ ಪುಡಿ ಉದುರಿದಂತೆ ಮಿನುಗುತ್ತಿತ್ತು. ಈ ಸಲ ಹುಡುಕಿದರೆ ನಾಲ್ಕಾರು ಕಣ.

ಖರ್ಚಿನ ಮಾತು. ಗೇರ್‌ಬಾಕ್ಸ್ ಬಿಚ್ಚಲು ಕೇಳಿದ ಮೊತ್ತ ಕಾರಿನ ಬೆಲೆಯ ಕಾಲುಭಾಗದಷ್ಟಿತ್ತು. ವ್ಯರ್ಥವಾದದ್ದೆಲ್ಲ ಸೇರಿ ನನ್ನ ಎಣ್ಣೆಯ ಖರ್ಚು ಅದರ ಹತ್ತರಲ್ಲೊಂದು. ಮೊದಲೇ ಜಿಎಲ್-4 ಹಾಕಿದ್ದರೆ ಅದರ ಅರ್ಧವೂ ಆಗುತ್ತಿರಲಿಲ್ಲ.

ಈಗ ಒಂಬತ್ತು ಸಾವಿರ ಕಿ.ಮೀ. ಆಗಿದೆ. ಮೂವರಲ್ಲಿ ಗಟ್ಟಿಯಾಗಿ ವಾದಿಸಿದ್ದ ಮೆಕ್ಯಾನಿಕ್ ಕಳೆದ ತಿಂಗಳು ತಾನೇ ಓಡಿಸಿ ನೋಡಿದರು. ಮೂರರಿಂದ ಎರಡಕ್ಕೆ ನಾಲ್ಕು ಸಲ ಇಳಿಸಿ, ಗಾಡಿಯನ್ನು ಬದಿಗೆ ನಿಲ್ಲಿಸಿ, ‘ಆ ಖಾಲಿ ಡಬ್ಬಿ ಇನ್ನೂ ಇದೆಯೇ ಸಾರ್?’ ಎಂದು ಕೇಳಿದರು.