ಸ್ವಾಯತ್ತ ಕಾಲೇಜಿನ ಗವರ್ನಿಂಗ್ ಬಾಡಿ: ಹೊಸ ಸದಸ್ಯರಿಗೆ ಕಾರ್ಯವಿಧಾನ

ಸ್ವಾಯತ್ತ ಕಾಲೇಜೊಂದರ, ಅಂದರೆ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ನೋಡಿಕೊಳ್ಳುವ ಕಾಲೇಜಿನ, ಗವರ್ನಿಂಗ್ ಬಾಡಿಗೆ ನಾಮನಿರ್ದೇಶನಗೊಂಡವರಿಗೆ ಸಾಮಾನ್ಯವಾಗಿ ಒಂದು ಪತ್ರ ಬರುತ್ತದೆ, ಸಭೆಯ ದಿನ ಮೇಜಿನ ಮೇಲೆ ಒಂದು ಕಡತ ಸಿಗುತ್ತದೆ. ತಾವು ಏನು ಮಾಡಬೇಕು, ಯಾವುದಕ್ಕೆ ಕೈಹಾಕಬಾರದು ಎಂಬುದನ್ನು ಮಾತ್ರ ಯಾರೂ ಕೂರಿಸಿ ಹೇಳುವುದಿಲ್ಲ. ಹೀಗಾಗಿ ವಿದ್ಯಾವಂತರೂ ಸಜ್ಜನರೂ ಆದ ಎಷ್ಟೋ ಸದಸ್ಯರು ಅವಧಿ ಮುಗಿಯುವವರೆಗೆ ಓದದ ಕಾಗದಗಳಿಗೆ ಸಹಿ ಹಾಕುತ್ತಲೇ ಇರುತ್ತಾರೆ. ಅಂಥವರಿಗಾಗಿ ಈ ಬರಹ.

ಮೊದಲು ಯಾವ ತೀರ್ಮಾನ ಯಾರದ್ದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. ಕಾಲೇಜನ್ನು ಸ್ಥಾಪಿಸಿದ ಟ್ರಸ್ಟ್ ಅಥವಾ ವಿದ್ಯಾಸಂಸ್ಥೆಯ ಆಡಳಿತ ಮಂಡಳಿ ಒಂದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳ ಪ್ರಕಾರ ರಚನೆಯಾಗುವ ಗವರ್ನಿಂಗ್ ಬಾಡಿ ಮತ್ತೊಂದು. ಆಡಳಿತ ಮಂಡಳಿಯ ಪ್ರತಿನಿಧಿಗಳ ಜೊತೆಗೆ ಅಧ್ಯಾಪಕರು, ಮಾತೃ ವಿಶ್ವವಿದ್ಯಾಲಯದ (ಕಾಲೇಜು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯ) ಪ್ರತಿನಿಧಿ, ಸರ್ಕಾರದ ಪ್ರತಿನಿಧಿ, ಹೊರಗಿನ ಶಿಕ್ಷಣತಜ್ಞರು ಈ ಎರಡನೆಯದರಲ್ಲಿ ಕೂರುತ್ತಾರೆ, ಪ್ರಾಂಶುಪಾಲರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಇದರೊಂದಿಗೆ ಅಕಾಡೆಮಿಕ್ ಕೌನ್ಸಿಲ್, ವಿಷಯವಾರು ಅಧ್ಯಯನ ಮಂಡಳಿಗಳು ಮತ್ತು ಹಣಕಾಸು ಸಮಿತಿ ಕೆಲಸ ಮಾಡುತ್ತವೆ. ಪಠ್ಯಕ್ರಮ ಅಧ್ಯಯನ ಮಂಡಳಿಯಲ್ಲಿ ಸಿದ್ಧವಾಗಿ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಒಪ್ಪಿಗೆ ಪಡೆಯುತ್ತದೆ. ಕೌನ್ಸಿಲ್‌ಗೆ ಒಪ್ಪಿಗೆಯಾಗದಿದ್ದರೆ ಕಾರಣ ಕೊಟ್ಟು ಅದನ್ನು ಹಿಂದಿರುಗಿಸಬಹುದು ಅಥವಾ ತಿರಸ್ಕರಿಸಬಹುದು. ಶುಲ್ಕದ ವಿಷಯ ಹಣಕಾಸು ಸಮಿತಿಯ ಶಿಫಾರಸಿನೊಂದಿಗೆ ನಿಮ್ಮ ಮುಂದೆ ಬರುತ್ತದೆ. ಹೊಸ ಕೋರ್ಸ್ ಆರಂಭಿಸುವುದಕ್ಕೂ ವಿದ್ಯಾರ್ಥಿವೇತನ, ಪದಕಗಳನ್ನು ಸ್ಥಾಪಿಸುವುದಕ್ಕೂ ನಿಮ್ಮ ಅನುಮೋದನೆ ಬೇಕು. ಪದವಿ ಪ್ರದಾನ ಮಾಡುವುದು ಮಾತ್ರ ಮಾತೃ ವಿಶ್ವವಿದ್ಯಾಲಯವೇ. ಅನುದಾನಿತ ಕಾಲೇಜಾದರೆ ಅನುದಾನಿತ ಹುದ್ದೆಗಳ ವೇತನ ಸರ್ಕಾರದಿಂದ ಬರುವುದರಿಂದ, ಆ ಹುದ್ದೆಗಳ ನೇಮಕಾತಿಯನ್ನು ಇಲಾಖೆಯ ಅನುಮತಿಯಿಲ್ಲದೆ ಈ ಸಭೆಯೊಂದೇ ನಿರ್ಧರಿಸಲಾಗದು ಎಂಬುದೂ ನೆನಪಿರಲಿ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇದೇ ಬಗೆಯ ಹೊಣೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಂತೆ ಕುಲಪತಿಗಳ ಅಧ್ಯಕ್ಷತೆಯ ಸಿಂಡಿಕೇಟ್‌ನದ್ದು. ಅಲ್ಲಿನ ಸದಸ್ಯರಿಗೂ ಮುಂದೆ ಹೇಳುವುದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಸದಸ್ಯರ ನಿಜವಾದ ಕೆಲಸ ನಡೆಯುವುದು ಸಭೆಗೆ ಮುಂಚೆ. ಕಾರ್ಯಸೂಚಿಯೂ ಪ್ರತಿಯೊಂದು ವಿಷಯದ ಟಿಪ್ಪಣಿಯೂ ಕನಿಷ್ಠ ಒಂದು ವಾರ ಮೊದಲೇ ಕೈಸೇರಬೇಕೆಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ, ಮತ್ತು ಬಂದದ್ದನ್ನು ಓದಿ. ಈ ಸಭೆ ವರ್ಷಕ್ಕೆ ಎರಡೋ ಮೂರೋ ಸಲ ಸೇರುವಂಥದ್ದು; ಎರಡು ಗಂಟೆಯಲ್ಲಿ ಇಪ್ಪತ್ತು ವಿಷಯ ಮುಗಿಸುವ ಕಡೆ, ಮೊದಲೇ ಓದಿ ಬಂದವರೊಬ್ಬರು ಇದ್ದರೂ ಚರ್ಚೆಯ ಮಟ್ಟ ಬದಲಾಗುತ್ತದೆ.

ಟಿಪ್ಪಣಿ ಹೇಗಿರಬೇಕು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ‘ಬಿ.ಎಸ್ಸಿ. ಡೇಟಾ ಸೈನ್ಸ್ ಕೋರ್ಸ್ ಆರಂಭಿಸುವ ಬಗ್ಗೆ ಚರ್ಚಿಸಿ ಅನುಮೋದಿಸುವುದು’ ಎಂಬ ಒಂದೇ ಸಾಲು ಕಾರ್ಯಸೂಚಿಯಲ್ಲಿದ್ದರೆ ಅದನ್ನು ಅನುಮೋದಿಸಲು ಬೇಕಾದ ಯಾವ ಆಧಾರವೂ ಅದರಲ್ಲಿಲ್ಲ. ಎಷ್ಟು ಸೀಟು, ಎಷ್ಟು ಪೂರ್ಣಾವಧಿ ಅಧ್ಯಾಪಕರು, ಅವರ ವೇತನ ಯಾವ ಲೆಕ್ಕದಿಂದ, ಲ್ಯಾಬ್‌ನಲ್ಲಿ ಈಗಿರುವ ಕಂಪ್ಯೂಟರ್‌ಗಳು ಯಾವ ತರಗತಿಗೆ ಎಷ್ಟು ಗಂಟೆ ಮೀಸಲಾಗಿವೆ, ಸುತ್ತಮುತ್ತಲ ಕಾಲೇಜುಗಳಲ್ಲಿ ಇದೇ ಕೋರ್ಸಿನ ಸೀಟುಗಳು ಭರ್ತಿಯಾಗಿವೆಯೇ, ಮೂರು ವರ್ಷ ಕಳೆದರೂ ಅರ್ಧ ಸೀಟು ಖಾಲಿಯಿದ್ದರೆ ಕೋರ್ಸನ್ನು ಏನು ಮಾಡುವುದು — ಇಷ್ಟಕ್ಕೆ ಲಿಖಿತ ಉತ್ತರ ಬರುವವರೆಗೆ ವಿಷಯವನ್ನು ಮುಂದಿನ ಸಭೆಗೆ ಇಡಲು ಸೂಚಿಸುವುದು ಅಡ್ಡಗಾಲು ಹಾಕಿದಂತಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು ತೆರೆದ ಕೋರ್ಸಿನ ನಷ್ಟವನ್ನು ಕೊನೆಗೆ ಅನುಭವಿಸುವವರು ಮೊದಲ ಬ್ಯಾಚಿನ ವಿದ್ಯಾರ್ಥಿಗಳು.

ನೀತಿಯ ಬದಲಾವಣೆಗಳೂ ಇಲ್ಲಿಯೇ ತೂಕಕ್ಕೆ ಬರಬೇಕು. ಕರ್ನಾಟಕದಲ್ಲಿ 2021-22ರಿಂದ ನಾಲ್ಕನೆಯ ವರ್ಷಕ್ಕೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಪಠ್ಯಕ್ರಮ ಬಂತು. 2024-25ರಿಂದ ಮೂರು ವರ್ಷದ ಪದವಿಗೆ ಮರಳಲಾಯಿತು. ನಡುವಿನ ವರ್ಷಗಳಲ್ಲಿ ಸೇರಿದವರು ಆ ಹಳೆಯ ಪಠ್ಯಕ್ರಮದಲ್ಲಿ, ಹೊಸಬರು ಹೊಸದರಲ್ಲಿ ಓದುವುದರಿಂದ ಒಂದೇ ವಿಭಾಗ ಎರಡು ಚೌಕಟ್ಟಿನಲ್ಲಿ ಪಾಠ ಮಾಡಿ ಪರೀಕ್ಷೆ ನಡೆಸಬೇಕಾಯಿತು. ಇಂಥ ಸಂದರ್ಭದಲ್ಲಿ ಗವರ್ನಿಂಗ್ ಬಾಡಿ ಕೇಳಬೇಕಾದದ್ದು ಪಠ್ಯ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ, ಅದು ಅಕಾಡೆಮಿಕ್ ಕೌನ್ಸಿಲ್‌ನ ಕೆಲಸ. ವಿಭಾಗವಾರು ಕಾರ್ಯಭಾರದ ಪಟ್ಟಿಯನ್ನು ತರಿಸಿ, ಯಾರಿಗೆ ಗಂಟೆಗಳು ಮಿತಿಮೀರಿವೆ, ಯಾರ ಹುದ್ದೆಗೆ ಕೆಲಸವೇ ಕಡಿಮೆಯಾಗಿದೆ, ಹಳೆಯ ಪಠ್ಯಕ್ರಮದಲ್ಲಿ ಬಾಕಿ ವಿಷಯ ಉಳಿಸಿಕೊಂಡವರಿಗೆ ಎಲ್ಲಿಯವರೆಗೆ ಪರೀಕ್ಷೆ ನಡೆಯುತ್ತದೆ ಎಂದು ಕೇಳಿ.

ಹಣಕಾಸಿನ ವಿಷಯಕ್ಕೆ ಬಂದಾಗ ಹಲವು ಸದಸ್ಯರು ಲೆಕ್ಕಪರಿಶೋಧಕರ ಮುದ್ರೆ ನೋಡಿ ಸುಮ್ಮನಾಗುತ್ತಾರೆ. ಲೆಕ್ಕಶಾಸ್ತ್ರ ಓದದವರೂ ಆಸ್ತಿ-ಹೊಣೆ ಪಟ್ಟಿಯಲ್ಲಿ ಕೆಲವು ಸಾಲುಗಳನ್ನು ಹಿಡಿದು ಪ್ರಶ್ನಿಸಬಲ್ಲರು. ಅವುಗಳಲ್ಲಿ ಕಾಷನ್ ಡಿಪಾಸಿಟ್ ಒಂದು. ಪ್ರವೇಶದ ವೇಳೆ ಪಡೆದು, ಕೋರ್ಸ್ ಮುಗಿದ ಮೇಲೆ ಹಿಂದಿರುಗಿಸಬೇಕಾದ ಈ ಮೊತ್ತ ವಿದ್ಯಾರ್ಥಿಯ ಹಣ, ಕಾಲೇಜಿನ ಹೊಣೆ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದ್ದು ಮರುಪಾವತಿ ತೀರಾ ಕಡಿಮೆಯಿದ್ದರೆ, ಹೊರಹೋಗುವ ವಿದ್ಯಾರ್ಥಿಗಳಿಗೆ ಅದನ್ನು ಹೇಗೆ ತಿಳಿಸಲಾಗುತ್ತಿದೆ, ಟಿ.ಸಿ. ಕೊಡುವಾಗಲೇ ಬ್ಯಾಂಕ್ ಖಾತೆಗೆ ಜಮಾ ಮಾಡಲು ಏನು ಅಡ್ಡಿ ಎಂದು ಕೇಳಿ. ಪರೀಕ್ಷಾ ಶುಲ್ಕದ ಲೆಕ್ಕ ಪ್ರತ್ಯೇಕವಾಗಿದೆಯೇ, ಅದರ ಉಳಿಕೆ ಯಾವುದಕ್ಕೆ ಬಳಕೆಯಾಗುತ್ತಿದೆ ಎಂಬುದನ್ನೂ ನೋಡಿ. ಕಾಲೇಜಿನ ಖಾತೆಯಿಂದ ಅದೇ ಟ್ರಸ್ಟಿನ ಬೇರೆ ಸಂಸ್ಥೆಗೆ ‘ಮುಂಗಡ’ ಎಂದು ಹೋದ ಹಣವಿದ್ದರೆ, ಅದು ಯಾವ ನಿರ್ಣಯದ ಮೇಲೆ ಹೋಯಿತು, ಯಾವಾಗ ಹಿಂದಿರುಗುತ್ತದೆ ಎಂಬ ಪ್ರಶ್ನೆಯನ್ನು ಸಂಕೋಚಪಡದೆ ಎತ್ತಿ. ಖರೀದಿಯಲ್ಲಿ ದರಪಟ್ಟಿಗಳ ತುಲನಾತ್ಮಕ ತಃಖ್ತೆ ಕಡತದಲ್ಲಿರಲಿ. ಸರಬರಾಜುದಾರರಲ್ಲೋ ಉದ್ಯೋಗದ ಅಭ್ಯರ್ಥಿಗಳಲ್ಲೋ ನಿಮ್ಮ ಬಂಧುಗಳಿದ್ದರೆ ಅದನ್ನು ನೀವೇ ತಿಳಿಸಿ, ಆ ವಿಷಯ ಮುಗಿಯುವವರೆಗೆ ಸಭೆಯಿಂದ ಹೊರಗಿದ್ದು, ಹಾಗೆ ಹೊರಗಿದ್ದದ್ದು ನಡವಳಿಯಲ್ಲಿ ಬರೆಯುವಂತೆ ನೋಡಿಕೊಳ್ಳಿ.

ಘಟನೋತ್ತರ ಅನುಮೋದನೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮಳೆಗೆ ಗೋಡೆ ಕುಸಿದಾಗ, ನೀರಿನ ಪಂಪ್ ಸುಟ್ಟಾಗ ಪ್ರಾಂಶುಪಾಲರು ಸಭೆಗಾಗಿ ಕಾಯಲಾಗದು. ಅಂಥ ಖರ್ಚನ್ನು ನಂತರ ಒಪ್ಪುವುದು ನ್ಯಾಯ. ಆದರೆ ಆರು ತಿಂಗಳ ಮೊದಲೇ ಯೋಜಿಸಬಹುದಾಗಿದ್ದ ಸಭಾಂಗಣದ ನವೀಕರಣವೂ ಅದೇ ಹೆಸರಿನಲ್ಲಿ ಬಂದರೆ, ಸಭೆ ಬರೀ ಮುದ್ರೆಯೊತ್ತುವ ಜಾಗವಾಗುತ್ತದೆ. ಎಷ್ಟು ಮೊತ್ತದವರೆಗೆ ಪ್ರಾಂಶುಪಾಲರೇ ತೀರ್ಮಾನಿಸಬಹುದು ಎಂಬ ಮಿತಿಯನ್ನು ಒಂದು ನಿರ್ಣಯದ ಮೂಲಕ ಮೊದಲೇ ಗೊತ್ತುಮಾಡಿದರೆ ಈ ಗೊಂದಲ ಬಹುಮಟ್ಟಿಗೆ ನೀಗುತ್ತದೆ. ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಬಾಬಿನಡಿ ನೇಮಕಾತಿ, ಶುಲ್ಕ ಅಥವಾ ಶಿಸ್ತುಕ್ರಮವನ್ನು ತರಬಾರದೆಂಬ ನಿಯಮವನ್ನೂ ಜೊತೆಗೇ ಮಾಡಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳ ಮತ್ತು ಸಿಬ್ಬಂದಿಯ ರಕ್ಷಣೆಗೆ ಸಂಬಂಧಿಸಿದ ಸಮಿತಿಗಳು ಫಲಕದ ಮೇಲೆ ಹೆಸರಿಗಷ್ಟೇ ಇವೆಯೇ ಎಂದು ಪರಿಶೀಲಿಸುವುದು ನಿಮ್ಮ ಹೊಣೆಯ ಭಾಗ, ಮತ್ತು ನನ್ನ ಅಭಿಪ್ರಾಯದಲ್ಲಿ ಕಟ್ಟಡದ ಚರ್ಚೆಗಿಂತ ಹೆಚ್ಚು ಸಮಯ ಬೇಡುವ ಭಾಗ. 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಗೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷರಾಗಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು, 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಗಳು ಪಾಲನೆಯಾಗುತ್ತಿವೆಯೇ ಎಂಬುದಕ್ಕೆ ವಾರ್ಷಿಕ ವರದಿ ಕೇಳಿ. ದೂರುದಾರರ ಹೆಸರು ನಿಮಗೆ ಬೇಕಿಲ್ಲ. ಎಷ್ಟು ದೂರು ಬಂದವು, ಎಷ್ಟು ದಿನದಲ್ಲಿ ಇತ್ಯರ್ಥವಾದವು, ಯಾವುದು ಬಾಕಿ ಎಂಬುದು ಸಾಕು. ಹಲವು ವರ್ಷ ‘ದೂರು ಶೂನ್ಯ’ ಎಂದೇ ವರದಿ ಬರುತ್ತಿದ್ದರೆ, ದೂರು ಎಲ್ಲಿ ಕೊಡಬೇಕೆಂಬುದು ಹಾಸ್ಟೆಲಿನ ಹುಡುಗಿಯರಿಗೆ ತಿಳಿದಿದೆಯೇ ಎಂದು ವಿಚಾರಿಸಿ.

ಸಭೆಯ ಹೊರಗೆ ಸಂಯಮವೇ ಸದಸ್ಯರ ಶಿಸ್ತು. ಪ್ರವೇಶಕ್ಕೆ ಶಿಫಾರಸು ಮಾಡುವುದು, ವಿಭಾಗದ ಮುಖ್ಯಸ್ಥರಿಗೆ ನೇರವಾಗಿ ಕರೆ ಮಾಡಿ ವೇಳಾಪಟ್ಟಿ ಬದಲಿಸಲು ಹೇಳುವುದು, ಮೌಲ್ಯಮಾಪನದ ಬಗ್ಗೆ ಪರೀಕ್ಷಾ ನಿಯಂತ್ರಕರನ್ನು ಮಾತನಾಡಿಸುವುದು ಎಷ್ಟು ಸದುದ್ದೇಶದಿಂದ ನಡೆದರೂ ಪ್ರಾಂಶುಪಾಲರ ಅಧಿಕಾರವನ್ನು ಕುಗ್ಗಿಸುತ್ತದೆ. ನಾಳೆ ಅದೇ ಪ್ರಾಂಶುಪಾಲರಿಂದ ಉತ್ತರ ಕೇಳುವ ನೈತಿಕ ಹಕ್ಕನ್ನು ನಿಮ್ಮಿಂದ ಕಸಿದುಕೊಳ್ಳುತ್ತದೆ. ಅಧ್ಯಾಪಕರೊಬ್ಬರು ಮನೆಗೆ ಬಂದು ಅಳಲು ತೋಡಿಕೊಂಡರೆ ಗೌರವದಿಂದ ಕೇಳಿಸಿಕೊಳ್ಳಿ, ಲಿಖಿತವಾಗಿ ಸೂಕ್ತ ಸಮಿತಿಗೆ ಕೊಡಲು ಹೇಳಿ, ಭರವಸೆ ಕೊಡಬೇಡಿ.

ನಡವಳಿಯ ಕರಡು ಕೆಲವು ದಿನಗಳೊಳಗೆ ನಿಮಗೆ ಬರಬೇಕು. ನಿರ್ಣಯವಷ್ಟೇ ಅಲ್ಲದೆ ಅದರ ಕಾರಣ, ಜಾರಿಯ ಹೊಣೆ ಹೊತ್ತವರು ಮತ್ತು ಗಡುವು ಅದರಲ್ಲಿವೆಯೇ ನೋಡಿ. ನೀವು ಭಿನ್ನಾಭಿಪ್ರಾಯ ಹೇಳಿದ್ದು ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ದಾಖಲಾಗಿದ್ದರೆ ತಿದ್ದುಪಡಿಯನ್ನು ಕೂಡಲೇ ಪತ್ರ ಬರೆದು ಕೇಳಿ, ಏಕೆಂದರೆ ವರ್ಷಗಳ ನಂತರ ವಿಚಾರಣೆ ನಡೆದರೆ ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಆ ಪುಟ ಮಾತ್ರ. ಮುಂದಿನ ಸಭೆಯಲ್ಲಿ ಹೊಸ ವಿಷಯಗಳಿಗೆ ಹೋಗುವ ಮೊದಲು ಹಿಂದಿನ ನಿರ್ಣಯಗಳ ಅನುಪಾಲನಾ ವರದಿಯನ್ನು ಒಂದೊಂದಾಗಿ ಓದಿಸಿ. ‘ಕ್ರಮ ವಹಿಸಲಾಗುತ್ತಿದೆ’ ಎಂಬ ಉತ್ತರ ಎರಡನೆಯ ಸಲವೂ ಬಂದಲ್ಲಿ ಹೊಸ ಗಡುವನ್ನೂ ತಡವಾದ ಕಾರಣವನ್ನೂ ಅಲ್ಲೇ ಬರೆಸಿಕೊಳ್ಳಿ.