ಅಪ್ಪನ ಕ್ಯಾಸೆಟ್‌ಗಳು ಕ್ಲೌಡ್‌ನಿಂದ ಗದಗಿನ ಮನೆಗೆ

ಅಪ್ಪ ಹೋದ ಮೇಲೆ ಅಟ್ಟದ ಮೇಲೆ ಎರಡು ಟ್ರಂಕ್ ಸಿಕ್ಕವು. ಒಂದರಲ್ಲಿ 160 ಕ್ಯಾಸೆಟ್. ಇನ್ನೊಂದರಲ್ಲಿ ಮನೆಯ ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೊ ಟೇಪ್‌ಗಳು. ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಅಪ್ಪ ರಾತ್ರಿ ರೇಡಿಯೊ ಮುಂದೆ ಕೂತು ಧಾರವಾಡ ಆಕಾಶವಾಣಿಯಿಂದ ರೆಕಾರ್ಡ್ ಮಾಡಿಕೊಂಡದ್ದು. ಮೇಲೆ ನೀಲಿ ಇಂಕಿನಲ್ಲಿ ‘ಮನ್ಸೂರ’, ‘ಗಂಗೂಬಾಯಿ’, ‘ರಾಜಗುರು’, ‘ಪುಟ್ಟರಾಜ ಗವಾಯಿಗಳು’ ಅಂತ ಬರೆದಿದ್ದ. ಕೆಲವಕ್ಕೆ ರಾಗದ ಹೆಸರೂ ಇತ್ತು.

ಅವ್ವ ಗದಗಿನಲ್ಲಿ, ನಾನು ಹುಬ್ಬಳ್ಳಿಯಲ್ಲಿ, ತಂಗಿ ಪುಣೆಯಲ್ಲಿ. ಮೂವರಿಗೂ ಇವು ಬೇಕು. ಮೊದಲು ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಅವ್ವನ ಟಿವಿಗೆ ಹಚ್ಚಿ ಬಂದೆ. ಹೊಸ ಹಾಡು ಸೇರಿಸಬೇಕಂದರೆ ಪ್ರತಿ ಸಲ 60 ಕಿಲೋಮೀಟರ್ ಬಸ್ ಹತ್ತಬೇಕಿತ್ತು. ಎಂಟು ತಿಂಗಳಿಗೆ ಆ ಡಿಸ್ಕ್ ಟಕ್ ಟಕ್ ಅನ್ನತೊಡಗಿ ನಿಂತೇ ಹೋಯಿತು. ಮೂಲ ಟೇಪ್‌ಗಳಿದ್ದವು, ಆದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕಾಯಿತು. ಆಗ ಎಲ್ಲವನ್ನೂ ಗೂಗಲ್ ಡ್ರೈವ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೇಲಿನ ಜಾಗದಲ್ಲಿ (ಕ್ಲೌಡ್) ಇಟ್ಟು, ಗದಗಿನ ಮನೆಯಲ್ಲಿ ಅದನ್ನು ಓದುವ ಒಂದು ಸಣ್ಣ ಪೆಟ್ಟಿಗೆ ಇಡೋಣ ಅಂತ ನಿರ್ಧರಿಸಿದೆ.

ಆ ಪೆಟ್ಟಿಗೆ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ರ‍್ಯಾಮ್ 4 ಜಿಬಿ. ಅಂಗೈಯಲ್ಲಿ ಹಿಡಿಸುತ್ತದೆ. ಜೊತೆಗಿರುವ ಡಿಸ್ಕ್ (ಎಸ್‌ಎಸ್‌ಡಿ) ಸೇರಿ ಹತ್ತು ವ್ಯಾಟ್ ಒಳಗೇ ಮುಗಿಸುತ್ತದೆ. 24 ತಾಸು ಚಾಲೂ ಇಟ್ಟರೂ ದಿನಕ್ಕೆ ಕಾಲು ಯೂನಿಟ್ ದಾಟುವುದಿಲ್ಲ. ಅದರಲ್ಲಿ ಎರಡೇ ಮುಖ್ಯ ಸಾಫ್ಟ್‌ವೇರ್. ಆರ್‌ಕ್ಲೋನ್ ಕ್ಲೌಡ್‌ನ ಫೋಲ್ಡರನ್ನು ಮನೆಯ ಡಿಸ್ಕಿನ ಫೋಲ್ಡರ್ ಹಾಗೆ ತೋರಿಸುತ್ತದೆ. ಜೆಲ್ಲಿಫಿನ್ ಆ ಫೋಲ್ಡರ್ ನೋಡಿ ಹಾಡು, ವಿಡಿಯೊಗಳನ್ನು ಜೋಡಿಸಿ ಟಿವಿಗೆ ಕೊಡುತ್ತದೆ. ಎರಡೂ ಉಚಿತ. ಹಾಕಿಕೊಳ್ಳೋಕೆ ಒಂದು ಸಂಜೆ ಸಾಕು.

ಕಷ್ಟ ಇದ್ದದ್ದು ಆಮೇಲೆ. ಪೈ ಫೈಲನ್ನು ಇದ್ದ ಹಾಗೆ ದಾಟಿಸುವ ಕೆಲಸವನ್ನು ಆರಾಮಾಗಿ ಮಾಡುತ್ತದೆ. ಆದರೆ ಟಿವಿಗೆ ಅರ್ಥವಾಗದ ಫೈಲ್ ಇದ್ದರೆ, ಅದನ್ನು ಆ ಕ್ಷಣಕ್ಕೇ ಬಿಚ್ಚಿ ಬೇರೆ ರೂಪದಲ್ಲಿ ಮತ್ತೆ ಕಟ್ಟಿ ಕೊಡಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಅಲ್ಲಿ ಪೈ ಕೈಚೆಲ್ಲುತ್ತದೆ. ಅದಕ್ಕೇ ನಾನು ಆ ಕೆಲಸವನ್ನು ಅದಕ್ಕೆ ಬಿಡುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್‌ನಲ್ಲೇ ಒಂದು ಸಲ ಸರಿಯಾಗಿ ಮಾಡಿ ಮುಗಿಸಿ, ಆಮೇಲೆ ಕ್ಲೌಡ್‌ಗೆ ಕಳಿಸುತ್ತೇನೆ.

ತಂಗಿಯ ಮದುವೆ ಮಿನಿ ಡಿವಿ ಟೇಪ್‌ನಲ್ಲಿತ್ತು. ಅದನ್ನು ಹಾಗೇ ಇಳಿಸಿಕೊಂಡರೆ ಒಂದು ತಾಸಿಗೆ ಸುಮಾರು 13 ಜಿಬಿ. ಚಿತ್ರವೂ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಸಾಲು ಬಿಟ್ಟು ಸಾಲು ಎರಡು ಸಲ ಹಿಡಿದದ್ದು. ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ವಿಡಿಯೊ ಬದಲಿಸುವ ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರ್‌ನ ಯಾಡಿಫ್ ಫಿಲ್ಟರ್ ಹಾಕಿ ಆ ಗೆರೆ ತೆಗೆದೆ. ಚಿತ್ರವನ್ನು ಎಚ್.264 ರೂಪಕ್ಕೆ, ಧ್ವನಿಯನ್ನು ಎಎಸಿ ರೂಪಕ್ಕೆ ಬದಲಿಸಿದೆ. ಈಗ ತಾಸಿಗೆ ಎರಡು ಜಿಬಿ ಒಳಗೇ ಇದೆ, ಯಾವ ಟಿವಿ, ಯಾವ ಫೋನಿನಲ್ಲೂ ಓಡುತ್ತದೆ. ಹಾಡುಗಳನ್ನು ಮಾತ್ರ ಫ್ಲಾಕ್ ರೂಪದಲ್ಲೇ ಇಟ್ಟಿದ್ದೇನೆ. 90 ನಿಮಿಷದ ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ ಬಿಚ್ಚಿಟ್ಟರೆ 950 ಎಂಬಿ ಆಗುತ್ತದೆ. ಫ್ಲಾಕ್ ಅದನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುತ್ತದೆ, ಒಂದು ಸ್ವರವನ್ನೂ ಕಳೆಯದೆ. ಅಪ್ಪ ಅಷ್ಟು ಜತನದಿಂದ ಹಿಡಿದಿಟ್ಟ ತಂಬೂರಿಯ ನಾದ ಅದು. ಎಂಪಿ3 ಮಾಡೋಕೆ ಮನಸ್ಸು ಬರಲಿಲ್ಲ.

ಇಷ್ಟು ಮಾಡಿದರೂ ಮದುವೆ ವಿಡಿಯೊ ಒತ್ತಿದರೆ ಮುಕ್ಕಾಲು ನಿಮಿಷ ಬರೀ ಚಕ್ರ. ಅವ್ವ ಫೋನಿನಲ್ಲಿ, “ತಮ್ಮಾ, ಸುಮ್ನ ತಿರಗಾಕತ್ತೈತಲ್ಲೋ” ಅಂದಳು. ಆರ್‌ಕ್ಲೋನ್‌ನ ಲಾಗ್ ತೆರೆದು ನೋಡಿದೆ. ಫೈಲಿನ ಮೊದಲ ಸ್ವಲ್ಪ ಭಾಗ ಓದಿ, ತಟ್ಟನೆ ಕೊನೆಗೆ ಹಾರಿ, ಮತ್ತೆ ಮೊದಲಿಗೆ ಬರುತ್ತಿತ್ತು. ಎಂಪಿ4 ಫೈಲಿಗೆ ಒಂದು ಪರಿವಿಡಿ ಇರುತ್ತದೆ, ಯಾವ ದೃಶ್ಯ ಎಲ್ಲಿದೆ ಅಂತ ಹೇಳುವಂಥದ್ದು. ಎಫ್‌ಎಫ್‌ಎಂಪೆಗ್ ಅದನ್ನು ಸಾಮಾನ್ಯವಾಗಿ ಫೈಲಿನ ಕೊನೆಗೆ ಬರೆಯುತ್ತದೆ. ಮನೆಯ ಡಿಸ್ಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಲೌಡ್‌ನಲ್ಲಿ ಪ್ರತಿ ಹಾರಾಟವೂ ಹೊಸ ಬೇಡಿಕೆ, ಹೊಸ ಕಾಯುವಿಕೆ. ‘ಫಾಸ್ಟ್‌ಸ್ಟಾರ್ಟ್’ ಅನ್ನೋ ಆಯ್ಕೆ ಕೊಟ್ಟರೆ ಪರಿವಿಡಿ ಮುಂದಕ್ಕೆ ಬರುತ್ತದೆ. ವಿಡಿಯೊವನ್ನು ಮತ್ತೆ ಕಟ್ಟಬೇಕಿಲ್ಲ, ಸುಮ್ನೆ ಕಾಪಿ ಮಾಡಿದರೆ ಸಾಕು. ಒಂದೊಂದು ಫೈಲಿಗೆ ಒಂದೆರಡು ನಿಮಿಷ. ಮರುದಿನ ಅವ್ವ ಒತ್ತಿದ ಕೂಡಲೇ ಮಂಟಪ ಕಾಣಿಸಿತು.

ಆರ್‌ಕ್ಲೋನ್‌ನಲ್ಲಿ ವಿಎಫ್‌ಎಸ್ ಕ್ಯಾಶ್ ಮೋಡನ್ನು ‘ಫುಲ್’ ಇಟ್ಟಿದ್ದೇನೆ. ಒಮ್ಮೆ ನೋಡಿದ ಭಾಗ ಎಸ್‌ಎಸ್‌ಡಿಯಲ್ಲಿ ಉಳಿಯುತ್ತದೆ. ಅವ್ವ ಕೇಳಿದ್ದೇ ಕೇಳುತ್ತಾಳೆ, ಅವಳಿಗೆ ಇದು ಭಾಳ ಅನುಕೂಲ. ಕ್ಯಾಶ್ ಮಿತಿ 100 ಜಿಬಿ. ಈ ಕ್ಯಾಶನ್ನು ದಯವಿಟ್ಟು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ. ದಿನವಿಡೀ ಬರೆದು ಅಳಿಸಿ ಕಾರ್ಡ್ ಬೇಗ ಸಾಯುತ್ತದೆ. ಗೂಗಲ್ ಡ್ರೈವ್ ಆದರೆ ನಿಮ್ಮದೇ ಕ್ಲೈಂಟ್ ಐಡಿ (ಆರ್‌ಕ್ಲೋನ್ ಡ್ರೈವ್‌ಗೆ ತೋರಿಸುವ ಗುರುತು) ಮಾಡಿಕೊಳ್ಳಿ. ಆರ್‌ಕ್ಲೋನ್ ಜೊತೆ ಬರುವುದನ್ನು ಎಲ್ಲರೂ ಹಂಚಿಕೊಂಡಿರುತ್ತಾರೆ, ನಿಧಾನ ಆಗುತ್ತದೆ. ಆರ್‌ಕ್ಲೋನ್ ತೋರಿಸುವ ಆ ಫೋಲ್ಡರನ್ನು, ಅಂದರೆ ಮೌಂಟನ್ನು, ರೀಡ್-ಓನ್ಲಿ (ಓದೋಕೆ ಮಾತ್ರ) ಇಟ್ಟಿದ್ದೇನೆ. ಟಿವಿಯಿಂದ ತಪ್ಪಿ ಏನೂ ಅಳಿಸಬಾರದು, ಅಲ್ವಾ.

ಜೆಲ್ಲಿಫಿನ್‌ನಲ್ಲಿ ಅಧ್ಯಾಯದ ಚಿತ್ರ ತೆಗೆಯುವುದು, ಟ್ರಿಕ್‌ಪ್ಲೇ ಚಿತ್ರ (ವಿಡಿಯೊ ಮುಂದೆ ಸರಿಸುವಾಗ ಕಾಣುವ ಸಣ್ಣ ಚಿತ್ರ) ಮಾಡುವುದು, ಇವೆರಡನ್ನೂ ಆಫ್ ಮಾಡಿ. ಮೊದಲನೆಯದಕ್ಕೆ ಅದು ಪ್ರತಿ ವಿಡಿಯೊದಲ್ಲಿ ಅಲ್ಲಲ್ಲಿ ಹಾರಿ ಓದುತ್ತದೆ, ಎರಡನೆಯದಕ್ಕೆ ಉದ್ದಕ್ಕೂ ಓದುತ್ತದೆ. ಅಂದರೆ ಇಡೀ ಲೈಬ್ರರಿ ಕ್ಲೌಡ್‌ನಿಂದ ಇಳಿಯುತ್ತದೆ, ಪೈ ರಾತ್ರಿಯೆಲ್ಲ ಬಿಸಿ. ಹೊಸ ಫೈಲ್ ಬಂದದ್ದು ತಾನಾಗಿ ತಿಳಿಯುವ ಸೌಲಭ್ಯವೂ ಈ ಥರದ ಮೌಂಟ್‌ನಲ್ಲಿ ನಡೆಯುವುದಿಲ್ಲ. ದಿನಕ್ಕೊಮ್ಮೆ ಬೆಳಿಗ್ಗೆ ನಾಲ್ಕಕ್ಕೆ ಸ್ಕ್ಯಾನ್ ಇಟ್ಟಿದ್ದೇನೆ.

ಒಮ್ಮೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂತು. ರೌಟರ್ ಏಳುವ ಮೊದಲೇ ಪೈ ಎದ್ದಿತ್ತು. ಇಂಟರ್‌ನೆಟ್ ಇಲ್ಲದೆ ಮೌಂಟ್ ಆಗಲಿಲ್ಲ, ಜೆಲ್ಲಿಫಿನ್ ಮಾತ್ರ ಶುರುವಾಯಿತು. “ನಿಮ್ಮಪ್ಪನ ಹಾಡು ಒಂದೂ ಹತ್ತವಲ್ದಲ್ಲೋ” ಅಂತ ಅವ್ವ ಗಾಬರಿಯಾಗಿ ಫೋನ್ ಮಾಡಿದಳು. ಅವಳ ದನಿ ಕೇಳಿ ನನಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ದೂರದ ಕಂಪ್ಯೂಟರಿಗೆ ಸುರಕ್ಷಿತ ದಾರಿ ಕೊಡುವ ಟೇಲ್‌ಸ್ಕೇಲ್ ಇದ್ದುದರಿಂದ ಹುಬ್ಬಳ್ಳಿಯಿಂದಲೇ ಒಳಗೆ ಹೋಗಿ ಸರಿಮಾಡಿದೆ. ಈಗ ಪೈನಲ್ಲಿ ಯಾವುದು ಯಾವಾಗ ಶುರುವಾಗಬೇಕು ಅಂತ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ, ಮೌಂಟ್ ಆದ ಮೇಲೆಯೇ ಜೆಲ್ಲಿಫಿನ್ ಶುರುವಾಗಬೇಕು ಅಂತ ಕಟ್ಟಿಹಾಕಿದ್ದೇನೆ. ಮೌಂಟ್ ತಪ್ಪಿದರೆ ಅದು ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ರೌಟರ್‌ಗೂ ಪೈಗೂ ಸೇರಿ ಒಂದು ಸಣ್ಣ ಯುಪಿಎಸ್ ಇದೆ.

ತಿಂಗಳಿಗೊಮ್ಮೆ ಹುಬ್ಬಳ್ಳಿಯ ಹೊಸ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಳ್ಳುತ್ತೇನೆ. ಅದಕ್ಕೆ ಆರ್‌ಕ್ಲೋನ್‌ನ ‘ಕಾಪಿ’ ಬಳಸಿ, ‘ಸಿಂಕ್’ ಬೇಡ. ಕ್ಲೌಡ್‌ನಲ್ಲಿ ಒಂದು ಫೈಲ್ ಅಳಿಸಿಹೋಗಿದ್ದರೆ ಸಿಂಕ್ ಡಿಸ್ಕಿನಲ್ಲೂ ಅಳಿಸುತ್ತದೆ.

120 ಕ್ಯಾಸೆಟ್ ಮುಗಿದಿವೆ. ಉಳಿದ ನಲವತ್ತರಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿದೆ, ಅವನ್ನು ನಿಧಾನವಾಗಿ ಒರೆಸಿ ಓಡಿಸಬೇಕು. ನಿನ್ನೆ ಒಂದು ಹಾಕಿದೆ. ಹಾಡು ಮುಗಿದ ಮೇಲೆ ಅಪ್ಪ ಬಟನ್ ಒತ್ತೋಕೆ ತಡಮಾಡಿದ್ದಾನೆ. ನಿಲಯದ ಪ್ರಕಟಣೆ, ಆಮೇಲೆ ಕುರ್ಚಿ ಸರಿದ ಸದ್ದು, ಅಪ್ಪನದೇ ಒಂದು ಕೆಮ್ಮು. ಅದನ್ನು ಕತ್ತರಿಸದೆ ಹಾಗೇ ಮೇಲಕ್ಕೆ ಕಳಿಸಿದ್ದೇನೆ. ಬೆಳಿಗ್ಗೆ ನಾಲ್ಕರ ಸ್ಕ್ಯಾನ್ ಆದ ಮೇಲೆ ಅವ್ವನ ಟಿವಿಯಲ್ಲಿ ಬಂದಿರುತ್ತದೆ.