ಚಳಿಗಾಲದ ಓಟ: ಸ್ವೆಟರ್ ಬೇಕಾಗುವುದು ಓಡುವಾಗಲ್ಲ, ನಿಂತಾಗ

ಜನವರಿಯ ಬೆಳಗಿನ ಐದೂವರೆ. ಕುಂದುವಾಡ ಕೆರೆ ಏರಿಯ ಮೇಲೆ ಮಂಕಿ ಕ್ಯಾಪ್, ಮಫ್ಲರ್, ಮೇಲೊಂದು ದಪ್ಪ ಸ್ವೆಟರ್ ಹಾಕಿಕೊಂಡು ಓಡುವವರನ್ನು ನೋಡಿದ್ದೀರಲ್ವಾ? ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಕ್ಯಾಪ್ ಕೈಗೆ ಬಂದಿರುತ್ತದೆ, ಸ್ವೆಟರ್ ಸೊಂಟ ಸುತ್ತಿರುತ್ತದೆ. ಓಟ ಮುಗಿದ ಮೇಲೆ ಚಹಾ ಗಾಡಿ ಮುಂದೆ ಒದ್ದೆ ಬನಿಯನ್‌ನಲ್ಲೇ ಅರ್ಧ ಗಂಟೆ ಹರಟೆ. ಹಲ್ಲು ಕಟಕಟ ಅಂದಾಗಲೇ ಮನೆ ನೆನಪಾಗುವುದು. ನಾನೂ ಬಹಳ ವರ್ಷ ಹೀಗೇ ಮಾಡಿದವನು. ಅದು ಪೂರಾ ಉಲ್ಟಾ. ಓಡುವಾಗ ಬಟ್ಟೆ ಕಮ್ಮಿ ಇರಬೇಕು, ನಿಂತ ಕೂಡಲೇ ಜಾಸ್ತಿ.

ನಮ್ಮೂರ ಚಳಿ ಅಂಥಾ ದೊಡ್ಡ ಚಳಿಯೇನಲ್ಲ. ದಾವಣಗೆರೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇರುತ್ತದೆ. ಕೆಲವು ದಿನ ಇನ್ನಷ್ಟು ಕೆಳಗಿಳಿಯುತ್ತದೆ. ದೂರ ಓಡುವವರಿಗೆ ಇದಕ್ಕಿಂತ ಒಳ್ಳೆ ಹವಾ ಇಲ್ಲ. ಏಪ್ರಿಲ್‌ನಲ್ಲಿ ಇದೇ ಏರಿ ಮೇಲೆ ಓಡಿದವರನ್ನು ಕೇಳಿ ನೋಡಿ.

ಮೊದಲು ಬಟ್ಟೆ

ಹೊರಗಿನ ಹವಾಕ್ಕಿಂತ ಎಂಟ್ಹತ್ತು ಡಿಗ್ರಿ ಸೆಕೆ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಆರಿಸಿ. ಗೇಟಿನ ಹತ್ತಿರ ನಿಂತಾಗ ಸ್ವಲ್ಪ ಚಳಿ ಅನ್ನಿಸಿದರೆ ಲೆಕ್ಕ ಸರಿ ಇದೆ. ಬೇಗ ಒಣಗುವ ಪಾಲಿಯೆಸ್ಟರ್ ಟೀಶರ್ಟ್ ಒಂದು ಸಾಕು. ಹತ್ತಿ ಬನಿಯನ್ ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಗಾಳಿ ಬೀಸಿದಾಗ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಕಿವಿ ನೋಯುವವರು ತೆಳ್ಳಗಿನದೊಂದು ಪಟ್ಟಿ ಕಟ್ಟಿಕೊಂಡರಾಯಿತು.

ಹೊರಡುವ ಮುಂಚೆ ಹತ್ತು ನಿಮಿಷ

ಇದನ್ನು ಮನೆಯೊಳಗೇ ಮಾಡಿ. ನಿಂತಲ್ಲೇ ನಡಿಗೆ, ಮಂಡಿ ಎತ್ತುವುದು, ಮೆಟ್ಟಿಲು ಹತ್ತಿ ಇಳಿಯುವುದು. ಮೊದಲ ಕಿಲೋಮೀಟರ್ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ.

ಮೂಗು, ಬಾಯಿ, ಹೊಗೆ

ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಕಳಿಸುತ್ತದೆ. ಜೋರಾಗಿ ಓಡಿದರೆ ಬಾಯಿ ತೆರೆಯಲೇಬೇಕು. ಆಗ ತಣ್ಣನೆಯ ಒಣ ಗಾಳಿ ನೇರ ಒಳಗೆ ಹೋಗಿ ಉಸಿರಿನ ಕೊಳವೆಗಳು ಒಣಗುತ್ತವೆ. ಕೆಲವರಿಗೆ ಅವು ಬಿಗಿದುಕೊಳ್ಳುತ್ತವೆ. ಓಟ ಮುಗಿದ ಮೇಲೆ ಬರುವ ಒಣ ಕೆಮ್ಮು ಎಷ್ಟೋ ಸಲ ಇದರಿಂದಲೇ. ಬಾಯಿಗೆ ತೆಳು ಕರವಸ್ತ್ರ ಕಟ್ಟಿಕೊಂಡರೆ ಬಹಳ ವ್ಯತ್ಯಾಸ ಗೊತ್ತಾಗುತ್ತದೆ. ಎದೆಯಲ್ಲಿ ಸುಂಯ್ ಅನ್ನುವ ಸದ್ದು ಬಂದರೆ ಡಾಕ್ಟರ್‌ಗೆ ತೋರಿಸಿ. ಉಬ್ಬಸ ಇರುವವರು ಓಟಕ್ಕೆ ಮುಂಚೆ ಇನ್‌ಹೇಲರ್ ಬೇಕಾ ಅಂತ ಕೇಳಿಕೊಳ್ಳಿ. ಓಡುವಾಗ ಬರೀ ಮೂಗು ಸೋರಿದರೆ ಹೆದರಬೇಡಿ. ಅದು ತಣ್ಣನೆ ಗಾಳಿಗೆ ಮೂಗು ಕೊಡುವ ಉತ್ತರ ಅಷ್ಟೇ, ನೆಗಡಿಯಲ್ಲ.

ಹೊಗೆಯದು ಬೇರೆ ತಲೆನೋವು. ಚಳಿಯ ಬೆಳಗ್ಗೆ ಕೆಳಗಿನ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಕಸ ಸುಟ್ಟ ಹೊಗೆ, ಭಟ್ಟಿ ಹೊಗೆ ಮೇಲೇಳದೆ ರಸ್ತೆ ಮಟ್ಟದಲ್ಲೇ ಕೂತಿರುತ್ತದೆ. ಆ ರಸ್ತೆ ಬಿಡಿ. ಇಲ್ಲವೇ ಬಿಸಿಲು ಬಿದ್ದ ಮೇಲೆ ಹೋಗಿ.

ನಿಂತ ಮೇಲೆ ಐದು ನಿಮಿಷ

ಸ್ಕೂಟರ್ ಡಿಕ್ಕಿಯಲ್ಲಿ ಒಂದು ಒಣ ಟೀಶರ್ಟ್, ಒಂದು ಟವೆಲ್, ಅದೇ ಸ್ವೆಟರ್ ಇಟ್ಟುಕೊಳ್ಳಿ. ಐದು ನಿಮಿಷ ನಡೆದು, ಬೆವರು ಒರೆಸಿ, ಬಟ್ಟೆ ಬದಲಿಸಿ, ಆಮೇಲೆ ಚಹಾ. ನೀರನ್ನೂ ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗಿರುತ್ತದೆ.

ಇಷ್ಟಾದರೂ ನೆಗಡಿ ಬಂತು ಅನ್ನಿ

ಬರುತ್ತದೆ. ನೆಗಡಿ ತರುವುದು ವೈರಸ್, ಅಂಥವು 200ಕ್ಕೂ ಹೆಚ್ಚಿವೆ. ಬರೀ ಚಳಿಯಿಂದ ನೆಗಡಿ ಹುಟ್ಟುವುದಿಲ್ಲ. ಅದು ಕೈಯಿಂದ ಕೈಗೆ, ಕೈಯಿಂದ ಮೂಗಿಗೆ ಹೋಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಬಂದರೆ ವಾರದಲ್ಲಿ ಎಲ್ಲರಿಗೂ. ಕಾರಣ ಹುಡುಕಬೇಕಿಲ್ಲ. ಭಾನುವಾರ ಓಟ ಮುಗಿಸಿ ಪೇಪರ್ ಮೇಲೆ ಸುರಿದ ಮಂಡಕ್ಕಿಗೆ ಆರು ಕೈ ಬೀಳುತ್ತವೆ. ಅದರಲ್ಲಿ ಎರಡು ಕೈ ಆಗಷ್ಟೇ ಮೂಗು ಒರೆಸಿರುತ್ತವೆ!

ಓಡಬಹುದಾ, ಬೇಡವಾ? ಅಮೆರಿಕದ ವೈದ್ಯ ರ‍್ಯಾಂಡಿ ಐಕ್ನರ್ 1990ರ ದಶಕದಲ್ಲಿ ಹೇಳಿದ ಕುತ್ತಿಗೆ ಲೆಕ್ಕ ಈಗಲೂ ಚಾಲ್ತಿಯಲ್ಲಿದೆ. ತೊಂದರೆ ಕುತ್ತಿಗೆಯಿಂದ ಮೇಲಷ್ಟೇ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಗಂಟಲು ಕೆರೆತ ಅಷ್ಟೇ ಆದರೆ, ನಿಧಾನಕ್ಕೆ ಹತ್ತು ನಿಮಿಷ ಓಡಿ ನೋಡಿ. ಹಗುರ ಅನ್ನಿಸಿದರೆ ಮುಂದುವರಿಸಿ. ತಲೆ ದಿಮ್ ಅಂದರೆ ತಿರುಗಿ ಬನ್ನಿ. ಎದೆಯಲ್ಲಿ ಕಫ, ಜ್ವರ, ಮೈಕೈ ನೋವು, ವಾಂತಿ, ಭೇದಿ ಇದ್ದರೆ ಶೂ ಮುಟ್ಟಲೇಬೇಡಿ. ಜ್ವರದಲ್ಲಿ ಗುಂಡಿಗೆ ಮೊದಲೇ ಜೋರಾಗಿ ಬಡಿಯುತ್ತಿರುತ್ತದೆ. ಕೆಲವು ವೈರಸ್‌ಗಳು ಅಪರೂಪಕ್ಕೆ ಗುಂಡಿಗೆಯ ಸ್ನಾಯುವಿಗೇ ಉರಿಯೂತ ತರುತ್ತವೆ. ಅಂಥ ಹೊತ್ತಲ್ಲಿ ಓಡುವುದು ಜೀವಕ್ಕೇ ಅಪಾಯ.

ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಹಾಫ್ ಮ್ಯಾರಥಾನ್‌ಗೆ ಮೂರು ವಾರ ಇತ್ತು. ಎದೆಯಲ್ಲಿ ಕಫ, ಮೈ ಸ್ವಲ್ಪ ಬಿಸಿ. ಒಂದು ಪ್ಯಾರಸಿಟಮಾಲ್ ನುಂಗಿದೆ, ಥರ್ಮಾಮೀಟರ್ ತಣ್ಣಗಾಯಿತು, ‘ಆರಾಮಾದೆ’ ಅಂತ 18 ಕಿಲೋಮೀಟರ್ ಓಡಿಬಿಟ್ಟೆ. ಮಾತ್ರೆ ಜ್ವರವನ್ನು ಇಳಿಸಿತ್ತು, ಕಾಯಿಲೆಯನ್ನಲ್ಲ. ಮೂರು ದಿನ ಮಲಗಿದ್ದರೆ ಹೋಗುತ್ತಿದ್ದದ್ದು ಒಂದು ತಿಂಗಳು ಕೆಮ್ಮಾಗಿ ಕೂತಿತು. ಹಾಫ್ ಮ್ಯಾರಥಾನ್ ದಿನ ಮನೆಯಲ್ಲಿ ಕೂತು ಕಷಾಯ ಕುಡಿದೆ.

ಔಷಧಿಯ ವಿಷಯ ಬಂತಲ್ಲ, ಇನ್ನೆರಡು ಮಾತು. ನೆಗಡಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರಬೇಡಿ. ಕಟ್ಟಿದ ಮೂಗು ಬಿಡಿಸುವ ಕ್ಸೈಲೋಮೆಟಾಜೋಲಿನ್ ಥರದ ಡ್ರಾಪ್ಸ್ ಐದು ದಿನ ದಾಟಬಾರದು, ದಾಟಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟಿಕೊಳ್ಳುತ್ತದೆ. ನೆಗಡಿ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ತರಿಸುತ್ತವೆ. ನುಂಗಿ ಕತ್ತಲಲ್ಲಿ ಹೈವೇ ಪಕ್ಕ ಓಡಲು ಹೋಗಬೇಡಿ. ಮೆಣಸು, ಶುಂಠಿ ಕಷಾಯ, ಉಪ್ಪುನೀರಿನ ಮುಕ್ಕಳಿಕೆ ಗಂಟಲಿಗೆ ಹಿತ. ವೈರಸ್ಸನ್ನು ಕೊಲ್ಲುತ್ತವೆ ಅಂತ ಮಾತ್ರ ನಾನು ಹೇಳುವುದಿಲ್ಲ.

ವಾಪಸ್ ಓಟಕ್ಕೆ

ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಜ್ವರ ಬಂದಿದ್ದರೆ, ಮಾತ್ರೆ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬಾರದಿದ್ದ ಮೇಲೆ ಮೊದಲು ನಡಿಗೆ ಶುರುಮಾಡಿ. ಎಷ್ಟು ದಿನ ಜ್ವರ ಇತ್ತೋ ಕನಿಷ್ಠ ಅಷ್ಟು ದಿನ ಹಗುರ ಓಟ, ಮಾಮೂಲಿಯ ಅರ್ಧ ದೂರ. ನಡೆದರೂ ಎದೆ ಹಿಡಿದಂತಾದರೆ, ಏದುಸಿರು ಬಂದರೆ, ಗುಂಡಿಗೆ ಬಡಿತ ತಪ್ಪಿದಂತೆ ಅನ್ನಿಸಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹಾಗೇನೂ ಇಲ್ಲದಿದ್ದರೆ ಮೊದಲ ಮೂರು ದಿನ ವಾಚ್ ಮನೆಯಲ್ಲೇ ಬಿಟ್ಟು ಹೋಗಿ. ಒಣ ಟೀಶರ್ಟ್ ಮರೆಯಬೇಡಿ.